ದೊಡ್ಡ ಮೇಡಂ ಕಟ್ಟಿದ ವೇಷ

ಮನೋವೈದ್ಯ ವಿಭಾಗದ ದೊಡ್ಡ ಮೇಡಂ ವೇಷ ಕಟ್ಟುವುದರಲ್ಲಿ ಎತ್ತಿದ ಕೈ. ಬಣ್ಣ ಹಚ್ಚುವುದಿಲ್ಲ, ಬಟ್ಟೆ ಬದಲಿಸುವುದಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು ಒಮ್ಮೆ ಉಸಿರು ಬಿಟ್ಟರೆಂದರೆ ಸಾಕು, ಅವರು ಮೇಡಂ ಅಲ್ಲ, ರೋಗಿ. ಕಲಿಯಲು ಬಂದ ಎಳೆಯ ಡಾಕ್ಟರುಗಳು ಸರದಿಯಂತೆ ಮಾತಾಡಿಸಬೇಕು. ಒಂದು ವಾರ ಇಡೀ ಊರೇ ತನ್ನದೆಂದು ಬೀಗುವ ಹೆಂಗಸು, ಇನ್ನೊಂದು ವಾರ ಅಡುಗೆಮನೆ ಗೋಡೆ ತನ್ನನ್ನು ಬೈಯುತ್ತದೆ ಎನ್ನುವ ಅಜ್ಜಿ. ಆ ಅಜ್ಜಿ ಗದರಿದ ರಭಸಕ್ಕೆ ಒಬ್ಬ ಹುಡುಗ, ಪಾಪ, ಕುರ್ಚಿ ಸಮೇತ ಬಾಗಿಲವರೆಗೆ ಜರುಗಿದ್ದ.

ವೇಷ ಏನೇ ಇರಲಿ, ಒಂದು ಪ್ರಶ್ನೆಗೆ ವಿನಾಯಿತಿ ಇಲ್ಲ. ಮನಸ್ಸು ಕುಗ್ಗಿದವರನ್ನು ‘ಸತ್ತುಹೋಗಬೇಕು ಅನ್ನಿಸಿದೆಯೇ’ ಎಂದು ನೆಟ್ಟಗೆ ಕೇಳಲೇಬೇಕು.

“ಕೇಳಿದ್ರೆ ಅವರ ತಲೇಲಿ ಹುಳ ಬಿಟ್ಟ ಹಾಗಾಗಲ್ಲ ಕಣ್ರೋ. ಕೇಳದೇ ಬಿಟ್ರೇನೇ ಅವರು ಒಂಟಿಯಾಗೋದು,” ಎಂದು ಮೇಡಂ ಗಂಟಲು ಹರಿದುಕೊಳ್ಳುತ್ತಿದ್ದರು.

ಆ ಪ್ರಶ್ನೆಯನ್ನು ಪ್ರತಿಸಲ ನುಂಗಿಕೊಳ್ಳುತ್ತಿದ್ದವನು ಆ ಎಳೆಯ ಡಾಕ್ಟರುಗಳಲ್ಲೊಬ್ಬ, ಆಮೆ. ಹೆಸರಿಟ್ಟವರು ಮೇಡಂ ಅವರೇ. ನಡಿಗೆ ನಿಧಾನ, ಮಾತು ಇನ್ನೂ ನಿಧಾನ, ಪ್ರಶ್ನೆ ಹತ್ತಿರ ಬಂದರೆ ತಲೆ ಒಳಗೆ. ಊಟ ಹೇಗಿದೆ, ನಿದ್ದೆ ಹೇಗಿದೆ ಎಂದು ಊರೆಲ್ಲ ಸುತ್ತಿ ಕೊನೆಗೆ ಸೆಕೆಯ ಬಗ್ಗೆ ಮಾತಾಡಿ ಎದ್ದುಬಿಡುತ್ತಿದ್ದ.

“ಈ ಸಲವೂ ಕೇಳ್ಲಿಲ್ಲ ಅಂದ್ರೆ ಬೇರೆ ವಿಭಾಗ ನೋಡ್ಕೋ,” ಎಂದು ಮೇಡಂ ಖಡಾಖಂಡಿತ ಹೇಳಿದ್ದರು.

ಈ ಸಲದ್ದು ಅಕ್ಕನನ್ನು ಕಳೆದುಕೊಂಡ ದರ್ಜಿಯ ವೇಷ. ಮೇಡಂ ಅವರ ಸ್ವಂತ ಅಕ್ಕ ತೀರಿಕೊಂಡು ಕೆಲವೇ ವಾರಗಳಾಗಿದ್ದವು. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಕಿತ್ತಾಡಿಕೊಂಡು ಸುಖವಾಗಿದ್ದವರು. ರಜೆಯನ್ನೂ ಹಾಕದೆ ಕೆಲಸಕ್ಕೆ ಬಂದವರನ್ನು ಎಲ್ಲರೂ ಗಟ್ಟಿಗಿತ್ತಿ ಎಂದು ಹೊಗಳಿದರು. ಆದರೆ ರಾತ್ರಿ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಹೇಳಿಕೊಳ್ಳೋಣವೆಂದರೆ ಈ ಕಟ್ಟಡದಲ್ಲಿ ಕೇಳುವವರೆಲ್ಲ ತಾವೇ ತಿದ್ದಿ ಬೆಳೆಸಿದ ಶಿಷ್ಯರು, ನಾಚಿಕೆ. ದರ್ಜಿಯ ಬಾಯಲ್ಲಾದರೂ ಹೇಳಿದರೆ ಎದೆ ಹಗುರಾದೀತು ಎಂಬ ಆಸೆ ಇತ್ತು, ಅದನ್ನು ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ.

“ಅಭ್ಯಾಸಬಲ ಡಾಕ್ಟ್ರೇ, ಈಗ್ಲೂ ಇಬ್ರಿಗೂ ಟೀ ಮಾಡಿಬಿಡ್ತೀನಿ,” ಎಂದಳು ದರ್ಜಿ. “ಚೆಲ್ಲೋಕೆ ಮನಸ್ಸು ಬರಲ್ಲ, ಅವಳ ಪಾಲೂ ನಾನೇ ಕುಡೀತೀನಿ. ರೌಂಡ್ಸ್ ಮುಗಿಸಿ ಮನೆಗೆ ಹೋದ್ರೆ ಒಳಗೆ ದೀಪ ಇರಲ್ಲ.”

ಕಣ್ಣೀರು ಕೋಡಿ ಹರಿಯಿತು. ಎದುರು ಕೂತ ಆಮೆ ಪೆನ್ನು ಕೆಳಗಿಟ್ಟ. ಏನೋ ಹೇಳಹೊರಟ, ಸುತ್ತ ಕೂತವರನ್ನು ನೋಡಿದ, ಬಾಯಿ ಮುಚ್ಚಿಕೊಂಡ. ಅವಧಿ ಮುಗಿಯಿತು. ಏನು ನಟನೆ, ಏನು ನಟನೆ ಎಂದು ಉಳಿದವರು ಚಪ್ಪಾಳೆ ತಟ್ಟಿ ಟೀ ಕುಡಿಯಲು ಹೊರಟರು. ಚಪ್ಪಾಳೆಯ ಸದ್ದಿಗೆ ಮೇಡಂ ಅವರಿಗೆ ಜೀವ ಹಿಂಡಿದಂತಾಯಿತು.

ಆಮೆ ಮಾತ್ರ ಹೋಗಲಿಲ್ಲ. ಬಾಗಿಲು ಹಾಕಿ ಬಂದು ನಿಂತ.

“ಮತ್ತೆ ಕೇಳ್ಲಿಲ್ಲ ನೀನು,” ಎಂದರು ಮೇಡಂ ಮೂಗೊರೆಸಿಕೊಳ್ಳುತ್ತಾ. “ನಿಂಗೆ ಹೇಳಿ ಹೇಳಿ ನನಗೂ ಸಾಕಾಯ್ತು.”

“ದರ್ಜಿಗಳು ವಾರ್ಡ್ ರೌಂಡ್ಸ್‌ಗೆ ಹೋಗಲ್ಲ ಮೇಡಂ.”

ಮೇಡಂ ತಬ್ಬಿಬ್ಬಾದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪದ ನಾಲಿಗೆ!

“ಎಲ್ಲರ ಮುಂದೆ ಬೇಡ ಅಂತ ಸುಮ್ನಿದ್ದೆ,” ಎಂದ ಆಮೆ. ಕಣ್ಣು ಕದಲಲಿಲ್ಲ. “ಅಕ್ಕ ಹೋದ್ಮೇಲೆ ನಿಮಗೆ ಸತ್ತುಹೋಗ್ಬೇಕು ಅನ್ನಿಸಿದ್ಯಾ ಮೇಡಂ?”

ಗದರಲೆಂದು ಮೇಡಂ ಬಾಯಿ ತೆರೆದರು. ಬಂದದ್ದು ಬೇರೆ ಮಾತು.

“ಹೋದ ವಾರ,” ಎಂದರು. “ಒಂದ್ಸಲ ಅನ್ನಿಸ್ತು ಕಣೋ.”

ಆಮೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. “ಹೇಳಿ ಮೇಡಂ. ಆಮೇಲೆ ಎದುರು ರೂಮಿನ ಡಾಕ್ಟ್ರನ್ನ ಇವತ್ತೇ ನೋಡೋಣ. ನಾನೂ ಜೊತೇಲಿ ಬರ್ತೀನಿ.”

ಬೇಡ ಎಂದು ಹೇಳುವುದು ಮೇಡಂ ಅವರಿಂದ ಆಗಲಿಲ್ಲ. ಅವನ ತೋಳು ಹಿಡಿದುಕೊಂಡು, ಮಗುವಿನಂತೆ ಅತ್ತುಬಿಟ್ಟರು.