ಮಾಳಿಂಗಪ್ಪನ ಉರುಲು

ಮೋಟರಬಾಯಿ ಹುಟ್ಟಿದ್ದು ಚೌಡಾಪುರದ ಹತ್ತಿರ ಕೆಟ್ಟು ನಿಂತಿದ್ದ ಒಂದು ಬಸ್ಸಿನ ನೆರಳಿನಲ್ಲಿ. ಅದಕ್ಕೇ ಆ ಹೆಸರು. ಜಿಂಕೆ ಹಿಡಿದು ಬದುಕುವ ಚಿಗರಿ ಬೇಟೆಗಾರರ ಪೈಕಿ ಹೆಸರಿಡುವುದಕ್ಕೆ ಪಂಚಾಂಗ ಬಿಚ್ಚುವವರು ಯಾರಿದ್ದರು? ಕೂಸು ಅತ್ತಾಗ ಕಣ್ಣೆದುರು ಏನಿತ್ತೋ ಅದೇ ಹೆಸರು. ಮೊಮ್ಮಗಳ ಸಾಲಿ ಮಾಸ್ತರು "ಇದೆಂಥಾ ಹೆಸರವಾ?" ಎಂದು ನಕ್ಕರೆ ಆಕೆಯೂ ಬಿಡುವವಳಲ್ಲ. "ಪುಣ್ಯಾಕ್ಕ ಬಸ್ ಇತ್ರಿ. ಎಮ್ಮಿ ನಿಂತಿದ್ರ ಏನಂತ ಕರೀತಿದ್ರಿ?" ಎನ್ನುತ್ತಿದ್ದಳು. ಅಂಥ ಬಾಯಿಯ ಹೆಂಗಸು ಹೋದ ವರ್ಷದ ಬೇಸಿಗೆಯಿಂದ ಈಚೆ ನಕ್ಕಿದ್ದನ್ನು ಯಾರೂ ಕಂಡಿಲ್ಲ.

ಆಕೆಯ ಗಂಡ ಮಾಳಿಂಗಪ್ಪ. ಗೊಬ್ಬೂರಿನ ಅಂಚಿನಲ್ಲಿ ಅವರದೊಂದು ತಗಡಿನ ಮನೆ. ಅವರ ಹಿರಿಯರಿಗೆ ಊರು, ಮನೆ ಎಂಬುದೇ ಇರಲಿಲ್ಲ. ಭೀಮಾ ದಂಡೆಯಿಂದ ಆಳಂದದ ಗುಡ್ಡದ ತನಕ ಚಿಗರಿ ಹಿಂಡು ಎಲ್ಲಿ ಮೇಯುತ್ತದೋ ಅಲ್ಲಿ ಅವರ ಒಲೆ ಹೊತ್ತುತ್ತಿತ್ತು. ಒಂದು ಆಕಳನ್ನು ಮುಂದೆ ಬಿಟ್ಟು, ಅದರ ಮರೆಯಲ್ಲಿ ಬಗ್ಗಿ ನಡೆದು, ಹಿಂಡು ಬರುವ ದಾರಿಗೆ ಅಡ್ಡಲಾಗಿ ಕಾಲಿಗೆ ಬಿಗಿಯುವ ಉರುಲಿನ ಸಾಲು ಊರುತ್ತಿದ್ದರು. ಆಮೇಲೆ ಕಾಯ್ದೆ ಬಂತು. ಚಿಗರಿ ಸರಕಾರದ್ದಾಯಿತು, ಹುಲ್ಲುಗಾವಲು ತೊಗರಿ ಹೊಲವಾಯಿತು, ಇವರು ಮಾತ್ರ ಯಾರಿಗೂ ಬೇಡವಾದರು. ಎಲ್ಲೇ ಕೋಳಿ ಕಳುವಾಗಲಿ, ಮೊದಲು ಜೀಪು ಬಂದು ನಿಲ್ಲುವುದು ಇವರ ಗುಡಿಸಲ ಮುಂದೆ. ಕದ್ದವರು ಯಾರೋ, ಬಾಸುಂಡೆ ಇವರ ಬೆನ್ನಿಗೆ. ಥೂ, ಇದೆಂಥ ನ್ಯಾಯ!

ಮಾಳಿಂಗಪ್ಪ ಹರೆಯದಲ್ಲಿದ್ದಾಗಲೇ ಅರಣ್ಯದವರು ಅವನ ಉರುಲು ಕಸಿದುಕೊಂಡು ಹೋದರು. ಅವನೂ ಬೇಟೆ ಬಿಟ್ಟ. ಶಂಕರಲಿಂಗ ಗೌಡರ ಹೊಲದಲ್ಲಿ ಕಾವಲಿಗೆ ಸೇರಿಕೊಂಡ. ಕೆಲಸ ಏನೆಂದುಕೊಂಡಿರಿ? ತೊಗರಿ ಮೇಯಲು ಬರುವ ಚಿಗರಿಗಳನ್ನು ತಗಡು ಬಡಿದು ಓಡಿಸುವುದು! ಅದರಲ್ಲೇ ಮುದುಕನಾದ.

ಹಾಸಿಗೆ ಹಿಡಿದ ಮೇಲೆ ಅವನನ್ನು ಒಂದೇ ಚಿಂತೆ ತಿನ್ನತೊಡಗಿತು. ಅವನ ಮನೆತನದಲ್ಲಿ ಒಂದು ಪದ್ಧತಿ. ಬೇಟೆಗಾರ ಸತ್ತರೆ ಅವನ ಉರುಲಿನ ಗಂಟುಗಳನ್ನೆಲ್ಲ ಹೆಂಡತಿ ಕೈಯಾರೆ ಬಿಚ್ಚಬೇಕು. ಕೊಯ್ಯುವಂತಿಲ್ಲ, ಸುಡುವಂತಿಲ್ಲ. ಗಂಟು ಉಳಿದರೆ, ಅವನು ಹಿಡಿದ ಮಿಕಗಳು ಮೇಲಿನ ದಾರಿಯಲ್ಲಿ ಅದೇ ಉರುಲನ್ನು ಅವನ ಕಾಲಿಗೆ ಹಾಕಿ ನಿಲ್ಲಿಸಿಕೊಳ್ಳುತ್ತವಂತೆ. ಮಾಳಿಂಗಪ್ಪ ಸಾವಿಗೆ ಅಂಜಲಿಲ್ಲ, ಇದಕ್ಕೆ ಅಂಜಿದ.

ಮೊಮ್ಮಗಳು ಸೃಷ್ಟಿ ಕಾಲೇಜಿನ ಹುಡುಗಿ. ಮುತ್ಯಾನ ಬೇಸರ ಕಳೆಯಲೆಂದು ಪಕ್ಕದಲ್ಲಿ ಕುಳಿತು ಏನಾದರೂ ಓದಿ ಹೇಳುತ್ತಿದ್ದಳು. ಒಂದು ದಿನ ಅಮೆರಿಕದ ಬೆಟ್ಟಗಳ ಮೂಲನಿವಾಸಿಗಳಾದ ಯೂಟ್ ಜನರ ಚರಿತ್ರೆ ಓದಿದಳು.

"ಅವರೂ ನಮ್ಮಂಗ ಜಿಂಕಿ ಬೆನ್ನಹತ್ತಿ ತಿರಗತಿದ್ರಂತ ಮುತ್ಯಾ. ಆ ಬೆಟ್ಟದಾಗ ಬಂಗಾರ ಸಿಕ್ತು. ಹೊರಗಿನ ಮಂದಿ ಬಂದು ಅವರ ನೆಲ ಕಸಗೊಂಡು, ಎಲ್ಲೋ ಒಂದು ಬರಡ ಮೂಲ್ಯಾಗ ಕೂಡಿಸಿದ್ರು. ಮಕ್ಕಳ್ನ ದೂರದ ಸಾಲಿಗೆ ಒಯ್ದು ಜುಟ್ಟ ಕತ್ತರಿಸಿ, ಅವರ ಮಾತು ಬಿಡಿಸಿದ್ರು."

ಮಾಳಿಂಗಪ್ಪ ಮೊಮ್ಮಗಳ ಕಡೆ ಹೊರಳಿ ಕೇಳಿದ: "ಅವರು ಈಗ ಇಲ್ಲೇನು?"

"ಇದ್ದಾರ ಮುತ್ಯಾ. ಸ್ವಲ್ಪ ಮಂದಿ ಉಳದಾರ. ಅವರ ಹಿರ್ಯಾರ ಸಾಮಾನು ಮಾತ್ರ ಎಲ್ಲೆಲ್ಲೋ ಗಾಜಿನ ಕಪಾಟಿನಾಗ ಇಟ್ಟಾರಂತ." ಇಷ್ಟು ಹೇಳಿ ಹುಡುಗಿ ತಡವರಿಸಿದಳು. "ನಿನ್ನ ಉರುಲೂ ಹಂಗೇ ಗಾಜಿನಾಗ ಅದ. ಸಾಲಿಯಿಂದ ಅರಣ್ಯದವರ ನರ್ಸರಿಗೆ ಕರ್ಕೊಂಡು ಹೋದಾಗ ನೋಡೇನಿ. ಮ್ಯಾಲ ನಿನ್ನ ಹೆಸರು ಬರದಾರ. ಕಳ್ಳ ಬೇಟೆಗಾರ ಅಂತನೂ ಬರದಾರ."

ಆ ಬೈಗುಳ ಮುದುಕನ ಕಿವಿಗೆ ಬೀಳಲೇ ಇಲ್ಲ. ಅವನ ಮುಖ ಅರಳಿತು, ಹೆಂಡತಿಯ ಕಡೆ ತಿರುಗಿದ. "ಇನ್ನಾ ಅದ ಏನ? ಏ ಬೇ, ಕೇಳಿದೇನ? ಬಿಚ್ಚತೀ ಅಲ್ಲ?"

"ಬಿಚ್ಚತೇನಿ. ಸುಮ್ನ ಮಲಕೋ," ಎಂದಳು ಮೋಟರಬಾಯಿ. ಆ ಮಾತಿಗೆ ಅವನು ಮಗುವಿನಂತೆ ನಿದ್ದೆ ಹೋದ.

ಅದೇ ವಾರ ಒಂದು ನಸುಕಿನಲ್ಲಿ ಅವನ ಉಸಿರು ನಿಂತಿತು. ಮೋಟರಬಾಯಿ ಅಳುತ್ತ ಕೂರಲಿಲ್ಲ. ಹೆಣದ ಮುಖಕ್ಕೆ ಬಟ್ಟೆ ಎಳೆದು, ಸೃಷ್ಟಿಯನ್ನು ಕರೆದುಕೊಂಡು ಟಂಟಂ ರಿಕ್ಷಾ ಹತ್ತಿ ನರ್ಸರಿಗೆ ಹೋದಳು. ಅಲ್ಲಿದ್ದವನು ಕಾವಲುಗಾರ ಬುರಾನುದ್ದೀನ ಒಬ್ಬನೇ.

"ಸಾಹೇಬ್ರು ಇಲ್ಲವಾ. ಅವರು ಬರೋತನಕ ಕಪಾಟ ತೆಗ್ಯಾಂಗಿಲ್ಲ."

"ನಾ ಒಯ್ಯಂಗಿಲ್ರಿ ಸಾಬರ. ಇಲ್ಲೇ ಕುಂತು ಬಿಚ್ಚತೇನಿ. ಹುರಿ ನಿಮಗೇ ಇರಲಿ, ಗಂಟ ಅಷ್ಟ ನನಗ ಕೊಡ್ರಿ. ಮನ್ಯಾಗ ಹೆಣ ಕಾಯಾಕತ್ತದ."

ಬುರಾನುದ್ದೀನ ಆಕೆಯ ಮುಖ ನೋಡಿದ. ನೌಕರಿ ನೆನಪಾಯಿತೋ ಏನೋ, ಒಮ್ಮೆ ಗೇಟಿನ ಕಡೆ ನೋಡಿದ. "ಹೋಗಲಿ ಬಿಡವಾ, ಖುದಾ ಇದ್ದಾನ," ಎಂದು ಕೀಲಿ ತೆಗೆದೇ ಬಿಟ್ಟ. ಅವನ ಹೊಟ್ಟೆ ತಣ್ಣಗಿರಲಿ.

ಮೋಟರಬಾಯಿ ನೆಲದ ಮೇಲೆ ಕುಳಿತು ಉರುಲನ್ನು ಮಡಿಲಿಗೆ ಹಾಕಿಕೊಂಡಳು. ಗಂಡ ಮಿಕದ ನರ ಹೊಸೆದು ಹಾಕಿದ ಗಂಟುಗಳು. ಆಕೆ ಮದುವಣಗಿತ್ತಿಯಾಗಿದ್ದಾಗ ಪಕ್ಕದಲ್ಲಿ ಕೂತು ಹಾಕುವುದನ್ನೂ ಬಿಚ್ಚುವುದನ್ನೂ ಕಲಿತಿದ್ದಳು. ಮೊದಲ ಗಂಟಿಗೆ ಉಗುರು ಹಾಕಿದಳು. ಉಗುರು ಜಾರಿತು. ಎರಡನೆಯದಕ್ಕೂ ಹಾಗೇ. ಬೆಳಕಿಗೆ ಹಿಡಿದು ನೋಡಿದರೆ ಗಂಟುಗಳೆಲ್ಲ ಮಿರಿಮಿರಿ ಮಿಂಚುತ್ತಿವೆ.

ಬುರಾನುದ್ದೀನ ತಲೆ ತಗ್ಗಿಸಿದ. "ಹುಳ ಹತ್ತಬಾರ್ದಂತ ವರ್ಷಾ ವರ್ಷಾ ವಾರ್ನಿಸ ಹೊಡಿಸ್ತಾರವಾ."

ಹಾಳಾದ ವಾರ್ನಿಸ! ಅದು ಎಳೆಎಳೆಗೂ ಇಳಿದು ಗಂಟುಗಳನ್ನು ಕಲ್ಲು ಮಾಡಿತ್ತು. ಮೋಟರಬಾಯಿ ಹಲ್ಲು ಹಚ್ಚಿದಳು. ಸೃಷ್ಟಿ ತಲೆಯ ಪಿನ್ನು ತೆಗೆದು ಚುಚ್ಚಿದಳು. ಬುರಾನುದ್ದೀನ ಬಿಸಿನೀರು ತಂದ, ಸೀಮೆಎಣ್ಣೆ ತಂದ. ಮೋಟರಬಾಯಿಯ ಉಗುರು ಮುರಿದು ರಕ್ತ ಬಂತು, ಗಂಟು ಅಲುಗಲಿಲ್ಲ. ಅಷ್ಟರಲ್ಲಿ ಮನೆಯಿಂದ ಫೋನು ಬಂತು. ಬಿಸಿಲು ಏರಾಕತ್ತದ, ಹೆಣ ತಡಿಯಂಗಿಲ್ಲ, ಲಗೂ ಬರ್ರಿ ಎಂದರು.

"ಕೊಯ್ದು ಕೊಡಲೇನವಾ? ನಾ ಸಾಹೇಬ್ರಿಗಿ ಏನರ ಹೇಳಕೋತೇನಿ," ಎಂದ ಬುರಾನುದ್ದೀನ.

"ಬ್ಯಾಡ್ರಿ. ಅದನ್ನ ಕೊಯ್ದ್ರ ಅವನ ಕಾಲೇ ಕೊಯ್ದಂಗ." ಆಕೆ ಉರುಲನ್ನು ತಾನೇ ಎತ್ತಿ ಕಪಾಟಿನಲ್ಲಿ ಇಟ್ಟಳು.

ಕಾಲುವೆ ಬದಿಗೆ ಕುಣಿ ತೋಡಿಯಾಗಿತ್ತು. ಮಂದಿಯೆಲ್ಲ ಆಕೆಯ ಬಾಯಿಯನ್ನೇ ನೋಡುತ್ತಿದ್ದರು. ಮೋಟರಬಾಯಿ ಹೆಣದ ಪಕ್ಕದಲ್ಲಿ ಕುಳಿತು, ಗಂಡನ ಕಿವಿಗೆ ಬಗ್ಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಎಲ್ಲಾ ಬಿಚ್ಚೇನಿ. ಒಂದೂ ಉಳದಿಲ್ಲ. ಅಂಜಬ್ಯಾಡ, ನಡಿ."

ಮಂದಿ ಸಮಾಧಾನದಿಂದ ಮಣ್ಣು ಹಾಕಿದರು. ಅದು ಸುಳ್ಳೆಂದು ಗೊತ್ತಿದ್ದವಳು ಸೃಷ್ಟಿ ಒಬ್ಬಳೇ. ಮನೆಯ ದಾರಿಯಲ್ಲಿ ಅಜ್ಜಿಯ ಕೈ ಹಿಡಿದು ಮೆಲ್ಲಗೆ ಅಂದಳು, "ಆಯಿ, ನೀ ಹೇಳಿದ್ದು ಚಲೋ ಆತು. ಮುತ್ಯಾ ಧೈರ್ಯಲೆ ಹೋಗಿರತಾನ."

ಮೋಟರಬಾಯಿ ಅಲ್ಲೇ ಕುಸಿದು ಕುಳಿತಳು. ಬೆಳಗಿನಿಂದ ತಡೆದಿದ್ದ ಅಳು ಒಮ್ಮೆಲೇ ಉಕ್ಕಿತು.

"ಜೀವಮಾನದಾಗ ಅವಂಗ ಒಂದ ಸುಳ್ಳ ಹೇಳಿದಾಕಿ ಅಲ್ಲ ನಾ. ನಂಬ್ಯಾನ ಬೇ ಅಂವಾ, ಖರೇನ ನಂಬ್ಯಾನ. ಈಗ ಕಾಲಾಗ ಏನದ ಅಂತ ನೋಡದನ ನಡದಿರತಾನ."