ಹನ್ನೊಂದು ಮಕ್ಕಳ ಜ್ಞಾನತಂದೆ

ನಮ್ಮ ದೊಡ್ಡಪ್ಪ ಮದುವೆಯಾಗದ ದರ್ಜಿ. ಆದರೂ ಅವರಿಗೆ ಹನ್ನೊಂದು ಮಕ್ಕಳು ಎಂದು ಬೀದಿಯವರು ನಗುತ್ತಿದ್ದರು. ಚರ್ಚಿನಲ್ಲಿ ಯಾವ ಕೂಸಿಗೆ ಹೆಸರಿಟ್ಟು ಜ್ಞಾನಸ್ನಾನ ಮಾಡಿಸಿದರೂ ಬಿಳಿ ಅಂಗಿ ಹೊಲಿಯುವವರು ಅವರೇ. ಅಂಗಿ ತಂದವರನ್ನೇ ಜ್ಞಾನತಂದೆಯಾಗಿ ನಿಲ್ಲಿಸುವುದು ಹೆತ್ತವರಿಗೆ ಸುಲಭ, ಇಲ್ಲವೆನ್ನಲು ಇವರಿಗೆ ಬಾರದು. ಪಾದ್ರಿಗಳು ಕೇಳಿದಾಗ ಮಗುವಿನ ಹೆಸರನ್ನು ಗಟ್ಟಿಯಾಗಿ ಹೇಳಿ, ಇದನ್ನು ಕ್ರಿಸ್ತನ ವಿಶ್ವಾಸದಲ್ಲಿ ಬೆಳೆಸುತ್ತೇನೆಂದು ಮಾತು ಕೊಟ್ಟು, ಊಟ ಮುಗಿಸಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದರು. ಆ ಮಕ್ಕಳ ಮನೆಯ ಹೊಸಿಲನ್ನು ಮತ್ತೆ ತುಳಿದವರಲ್ಲ.

ಮೊನ್ನೆ ಒಬ್ಬ ಯುವತಿ ಮದುವೆಯ ಗೌನು ಹೊಲಿಸಲು ಬಂದಳು. ದೊಡ್ಡಪ್ಪ ಅವಳ ಭುಜ, ತೋಳು ಅಳೆದರು.

"ಗುರುತು ಸಿಗ್ಲಿಲ್ವಾ? ನೀವೇ ನನ್ನ ಜ್ಞಾನತಂದೆ" ಎಂದು ನಕ್ಕಳು. "ಅಪ್ಪ ತೀರ್ಕೊಂಡು ಮೂರು ವರ್ಷ ಆಯ್ತು. ಮದುವೆ ದಿನ ಅಪ್ಪನ ಬದ್ಲು ಚರ್ಚಿನ ಪೀಠದ ತನಕ ನನ್ನ ಕೈ ಹಿಡ್ಕೊಂಡು ಬರ್ತೀರಾ?"

ಅವಳಪ್ಪ ಸತ್ತ ಸುದ್ದಿಯೇ ದೊಡ್ಡಪ್ಪನಿಗೆ ಗೊತ್ತಿರಲಿಲ್ಲ. ಆದರೂ "ಬರ್ದೆ ಇರ್ತೀನಾ ಮಗಳೇ" ಎಂದುಬಿಟ್ಟರು. ಮತ್ತೊಂದು ಮಾತು ಕೊಟ್ಟರಲ್ಲ ಎಂದು ಪಕ್ಕದಲ್ಲಿ ಗುಂಡಿ ಹಾಕುತ್ತಿದ್ದ ನನಗೆ ಮೈ ಉರಿಯಿತು.

ಅಳತೆ ಪುಸ್ತಕ ತೆರೆದರು. ಪುಟದ ಮೇಲ್ಗಡೆ ಮೊದಲು ಹೆಸರು ಬರೆಯಬೇಕು. ಪೆನ್ನು ಅಲ್ಲೇ ನಿಂತಿತು. ದೇವರ ಮುಂದೆ ಆ ಹೆಸರನ್ನು ಗಟ್ಟಿಯಾಗಿ ಹೇಳಿದವರು ಅವರೇ.

"ತಪ್ಪಾಯ್ತು ಮಗಳೇ" ಎಂದರು, ತಲೆ ಮೇಲೇಳಲಿಲ್ಲ.

ಆಕೆ ಅವರ ಕೈಯಿಂದ ಪೆನ್ನು ತೆಗೆದುಕೊಂಡು ಹೆಸರನ್ನು ತಾನೇ ಬರೆದಳು.