ಜುಲೈ ತಿಂಗಳಲ್ಲೇ ಅಂಟಿದ ಸ್ಟಿಕ್ಕರ್

ಸೆರೊ ಮಾನ್ಸೊ ಬೆಟ್ಟದ ಬುಡದಲ್ಲಿ, ಸ್ಕೀ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯ ಹಿಂದಿನ ಕೋಣೆ. ಬೆಳಗಿನ ಎಂಟಾಗುತ್ತ ಬಂದರೂ ಜುಲೈ ತಿಂಗಳ ಬೆಳಕು ಇನ್ನೂ ಹರಿದಿಲ್ಲ; ಭೂಮಿಯ ಈ ದಕ್ಷಿಣ ತುದಿಯಲ್ಲಿ ಇದು ಚಳಿಗಾಲ. ಎಡೆಲ್ಮಿರಾ ಕಾಯುಪಾನ್ ಕೊಕ್ಕೆಯಿಂದ ಒಂದೊಂದೇ ಹೆಲ್ಮೆಟ್ ಇಳಿಸಿ, ಕಿವಿಯ ಹತ್ತಿರ ಹಿಡಿದು, ಎರಡೂ ಅಂಗೈಯಿಂದ ಅದುಮುತ್ತಿದ್ದಾರೆ. ಕಿರ್ ಎಂದರೆ ಒಳಗೆಲ್ಲೋ ಬಿರುಕು, ಅದು ನೇರ ಕಸದ ಬುಟ್ಟಿಗೆ. ಸದ್ದು ಬರದಿದ್ದರೆ ಇನ್ನೊಮ್ಮೆ ಅದುಮುತ್ತಾರೆ, ಯಾಕೆ ಸದ್ದಿಲ್ಲ ಎಂಬುದೂ ಅವರಿಗೆ ಅನುಮಾನವೇ. ಆಮೇಲೆ ಟಾರ್ಚ್ ಅಡ್ಡ ಹಿಡಿದು ಹೊರಮೈ ನೋಡುತ್ತಾರೆ, ಹೆಬ್ಬೆರಳಿನಿಂದ ಒಳಗಿನ ಥರ್ಮೋಕೋಲ್ ಒತ್ತುತ್ತಾರೆ, ಬಕಲ್ಲನ್ನು ಮೂರು ಸಲ ಹಾಕಿ ತೆಗೆಯುತ್ತಾರೆ.

ದಿನಕ್ಕೆ ಸುಮಾರು ಇನ್ನೂರಿಪ್ಪತ್ತು ಹೆಲ್ಮೆಟ್. ಒಂದಕ್ಕೆ ಮುಕ್ಕಾಲು ನಿಮಿಷ. ಐದೂವರೆಗೆ ಕೂತರೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಮುಗಿಯುತ್ತದೆ. ಹಿಮಕ್ಕೆ ಬರುವ ಸಾವಿರಾರು ಜನರಿಗೆ ಸ್ಕೀ ಕಲಿಸಿದವರ ಹೆಸರು ನೆನಪಿರುತ್ತದೆ, ಹೋಟೆಲಿನ ಅಡುಗೆಯವನ ಹೆಸರೂ ನೆನಪಿರುತ್ತದೆ. ಐವತ್ತೆಂಟರ ಈ ಹೆಂಗಸು ಇಲ್ಲಿ ಕೂತಿರುವುದೇ ಅವರಿಗೆ ಗೊತ್ತಿಲ್ಲ.

ಸಾಯಂಕಾಲ ಹೆಲ್ಮೆಟ್ ವಾಪಸ್ ತಂದವರಿಗೆಲ್ಲ ಎಡೆಲ್ಮಿರಾ ಕಿಟಕಿಯಿಂದ ಕೇಳುವುದು ಒಂದೇ ಮಾತು, "ಬಿದ್ರಾ?" ಎಲ್ಲರದೂ ಒಂದೇ ಉತ್ತರ, "ಇಲ್ಲ."

"ಈ ಬೆಟ್ಟದ ಮೇಲೆ ಯಾರೂ ಬೀಳೋದೇ ಇಲ್ಲ ಕಣ್ರೀ," ಎನ್ನುತ್ತಾರೆ ಅವರು. "ನನ್ ಹತ್ರ ಬರೋರೆಲ್ಲ ಹಕ್ಕಿಗಳು. ಬೆನ್ ಮೇಲೆ ಮಾತ್ರ ಬುಟ್ಟಿಗಟ್ಲೆ ಹಿಮ."

ಇಪ್ಪತ್ತಾರು ವರ್ಷದ ಹಿಂದೆ ಅವರು ಕೆಲಸಕ್ಕೆ ಸೇರಿದಾಗ ಅಂಗಡಿಯಲ್ಲಿದ್ದದ್ದು ಹನ್ನೊಂದು ಹೆಲ್ಮೆಟ್, ಅವೂ ಧೂಳು ತಿನ್ನುತ್ತಿದ್ದವು. ಅಪ್ಪನ ಕಾಲದವರು ಉಣ್ಣೆ ಟೋಪಿಯಲ್ಲೇ ಬೆಟ್ಟ ಇಳಿದವರು. ಚರ್ಮದ್ದೋ ದಪ್ಪ ಪ್ಲಾಸ್ಟಿಕ್ಕಿನದ್ದೋ ಹೆಲ್ಮೆಟ್ ಹಾಕಿದರೆ ಅವನು ಸ್ಪರ್ಧೆಗೆ ಇಳಿದವನು, ಇಲ್ಲವೇ ಪುಕ್ಕಲ. ಈಗ ಬರಿತಲೆಯವರನ್ನು ಕಂಡರೆ ಜನ ತಿರುಗಿ ನೋಡುತ್ತಾರೆ. ಹೆಲ್ಮೆಟ್ಟೂ ಬದಲಾಗಿದೆ: ಹೊರಗೆ ತೆಳು ಚಿಪ್ಪು, ಅದಕ್ಕೆ ಅಂಟಿದ ಥರ್ಮೋಕೋಲ್, ಹೊಸದರಲ್ಲಾದರೆ ಒಳಗೆ ಸ್ವಲ್ಪ ಜಾರುವ ಇನ್ನೊಂದು ಪದರ. ಓರೆಯಾಗಿ ಬಿದ್ದಾಗ ತಲೆ ಗಕ್ಕನೆ ತಿರುಚದಿರಲಿ ಎಂದು ಆ ಪದರ.

"ಮೊದ್ಲು ಗಟ್ಟಿ ಇದ್ದಷ್ಟೂ ಒಳ್ಳೇದು ಅಂದ್ಕೊಂಡಿದ್ವಿ. ತಲೆ ಬದ್ಲು ತಾನು ಪುಡಿಯಾಗೋದೇ ಅದ್ರ ಕೆಲ್ಸ ಅಂತ ಆಮೇಲೆ ಗೊತ್ತಾಯ್ತು. ಒಂದ್ಸಲ ಪುಡಿಯಾದ್ರೆ ಅದ್ರ ಋಣ ಮುಗೀತು. ಇನ್ನೊಂದ್ ವಿಷ್ಯ ಹೇಳ್ತೀನಿ ಕೇಳಿ. ಇದನ್ನ ಬೀಳ್ಸಿ ಪರೀಕ್ಷೆ ಮಾಡೋದು ಸೈಕಲ್ ವೇಗದಲ್ಲಿ. ಈ ಮಹಾನುಭಾವರು ಇಳಿಯೋದು ಬಸ್ಸಿನ ವೇಗದಲ್ಲಿ! ಹೆಲ್ಮೆಟ್ ಹಾಕಿದ್ ಕೂಡ್ಲೆ ಧೈರ್ಯ ಬರತ್ತಲ್ಲ, ಆ ಧೈರ್ಯದ ಮೇಲೇ ನಂಗೆ ಅನುಮಾನ."

ಇಷ್ಟೊಂದು ಅನುಮಾನ ಹುಟ್ಟುತ್ತಲೇ ಬಂದದ್ದಲ್ಲ. ಈ ಊರಲ್ಲಿ ಒದ್ದೆಯಾದದ್ದೆಲ್ಲ ಸೌದೆ ಒಲೆಯ ಪಕ್ಕಕ್ಕೆ ಹೋಗುತ್ತದೆ, ಕೈಗವಸು, ಕಾಲುಚೀಲ, ಬೂಟು ಎಲ್ಲ. ಕೆಲಸಕ್ಕೆ ಸೇರಿ ಆರು ವರ್ಷವಾಗಿದ್ದಾಗ, ಹಿಮಗಾಳಿ ಬೀಸಿದ ಒಂದು ವಾರ ಎಡೆಲ್ಮಿರಾ ಇಪ್ಪತ್ತೆರಡು ಹೆಲ್ಮೆಟ್ಟನ್ನು ಒಲೆಯ ಸುತ್ತ ಜೋಡಿಸಿದರು. ಮರುದಿನ ಎಲ್ಲವೂ ಒಣಗಿ ಹೊಳೆಯುತ್ತಿದ್ದವು. ಅದರಲ್ಲಿ ಎಲ್ಲಕ್ಕಿಂತ ಬೆಚ್ಚಗಿದ್ದದ್ದನ್ನು ಆರಿಸಿ, ಜನರನ್ನು ಬೆಟ್ಟಕ್ಕೇರಿಸುವ ಕೇಬಲ್ ಕುರ್ಚಿ ನೋಡಿಕೊಳ್ಳುವ ಗಂಡ ಎವಾರಿಸ್ತೊನ ತಲೆಗೆ ತಾವೇ ಹಾಕಿ ಕಳಿಸಿದರು. ಮಧ್ಯಾಹ್ನ ಅವನು ಮಂಜುಗಡ್ಡೆಯ ಮೇಲೆ ಜಾರಿ ಹಿಂದಲೆ ಬಡಿದುಕೊಂಡ. ಹೆಲ್ಮೆಟ್ ಒಡೆದು ನೋಡಿದರೆ ಒಳಗಿನ ಥರ್ಮೋಕೋಲ್ ಬಿಸಿಗೆ ಸುರುಟಿ, ಚಿಪ್ಪಿನಿಂದ ಬಿಟ್ಟುಕೊಂಡಿತ್ತು.

ಎವಾರಿಸ್ತೊ ಬದುಕಿದ. ಆದರೆ ರುಚಿಯೂ ವಾಸನೆಯೂ ಅವತ್ತೇ ಹೋದವು. ಇಂದಿಗೂ ಮಾಟೆ ಕಷಾಯದ ಕಹಿ ಅವನ ನಾಲಿಗೆಗೆ ತಿಳಿಯದು. "ಇವಳ ಅಡುಗೆ ಉಣ್ಣೋಕೆ ದೇವ್ರು ಕೊಟ್ಟ ವರ," ಎಂದು ಅವನು ಬಂದವರನ್ನೆಲ್ಲ ನಗಿಸುತ್ತಾನೆ. ಎಡೆಲ್ಮಿರಾ ಮಾತ್ರ ನಗುವುದಿಲ್ಲ. "ಅವ್ನು ಒಂದಿನಾನೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು," ಎನ್ನುತ್ತಾರೆ.

ಎಂಟೂವರೆಗೆ ತಮ್ಮ ರೋಖೆ ಬಿಸಿ ಮಾಟೆ ಹುಡುಕಿಕೊಂಡು ಬರುತ್ತಾನೆ. ಬೆಟ್ಟದ ಗಸ್ತು ಪಡೆಯವನು. ರಾತ್ರಿ ಹೊಸ ಹಿಮ ಬಿದ್ದಿದೆ, ಮೇಲಿನ ಕಡಿದಾದ ಇಳಿಜಾರಿಗೆ ಮೊದಲು ಇಳಿದು ದಾರಿ ತೆರೆಯಬೇಕಾದವನು ಇವತ್ತು ಅವನೇ. ಗಸ್ತಿನವರಲ್ಲಿ ಒಂದು ಪದ್ಧತಿ ಇದೆ: ಸೀಸನ್ನಿನ ಕೊನೆಯ ದಿನ, ಸೆಪ್ಟೆಂಬರಿನಲ್ಲಿ, ಹೆಲ್ಮೆಟ್ಟಿಗೆ ಒಂದು ಸ್ಟಿಕ್ಕರ್ ಅಂಟಿಸುತ್ತಾರೆ. ಎಷ್ಟು ಸ್ಟಿಕ್ಕರೋ ಅಷ್ಟು ವರ್ಷದ ಮರ್ಯಾದೆ. ರೋಖೆಯದರಲ್ಲಿ ಹನ್ನೊಂದು ಇದ್ದವು. ಎಡೆಲ್ಮಿರಾ ಎಣಿಸುತ್ತಾರೆ. ಹನ್ನೆರಡು.

"ಲೋ, ಸೆಪ್ಟೆಂಬರ್ ಬಂತೇನೋ?"

"ಚೆನ್ನಾಗಿತ್ತು, ಅಂಟಿಸ್ದೆ. ಅದಕ್ಕೂ ನಿನ್ ಅಪ್ಪಣೆ ಬೇಕಾ?"

"ಕೊಡಿಲ್ಲಿ."

"ಅಕ್ಕಾ, ಟೈಮಾಗತ್ತೆ..."

"ಕೊಡು ಅಂದೆ."

ಉಗುರು ಹಾಕಿ ಹೊಸ ಸ್ಟಿಕ್ಕರನ್ನು ಹರಿಯದಂತೆ ಎಬ್ಬಿಸುತ್ತಾರೆ. ಕೆಳಗೆ ಕೂದಲೆಳೆಯಷ್ಟು ಸಣ್ಣ ಬಿರುಕು, ಕಿವಿಯಿಂದ ನೆತ್ತಿಯವರೆಗೆ. ರೋಖೆ ನೆಲ ನೋಡುತ್ತಾನೆ. ಎಡೆಲ್ಮಿರಾ ಕತ್ತರಿ ತೆಗೆದು ಗಲ್ಲದ ಪಟ್ಟಿಯನ್ನು ಕಚಕ್ಕನೆ ಕತ್ತರಿಸುತ್ತಾರೆ. ಪಟ್ಟಿ ಕತ್ತರಿಸಿದ ಹೆಲ್ಮೆಟ್ಟನ್ನು ಇನ್ನಾರೂ ಹಾಕುವಂತಿಲ್ಲ.

"ಹನ್ನೊಂದು ವರ್ಷದ್ದು ಅದು!" ಎಂದು ರೋಖೆ ಕೂಗುತ್ತಾನೆ. "ಬರೀ ಗೆರೆ ಕಣೇ!"

"ಎವಾರಿಸ್ತೊದ್ರಲ್ಲಿ ಆ ಗೆರೆಯೂ ಇರ್ಲಿಲ್ಲ," ಎಂದಷ್ಟೇ ಹೇಳಿ ಕೊಕ್ಕೆಯಿಂದ ಬಿಳಿ ಬೋಳು ಬಾಡಿಗೆ ಹೆಲ್ಮೆಟ್ ತೆಗೆದು ಅವನ ಕೈಗಿಡುತ್ತಾರೆ. ಅವನು ಮಾಟೆ ಕುಡಿಯದೆ ಎದ್ದು ಹೋಗುತ್ತಾನೆ. ಕೇಬಲ್ ಕುರ್ಚಿಯ ಹತ್ತಿರ ಗಸ್ತಿನವರ ಗೇಲಿ ಇಲ್ಲಿಗೇ ಕೇಳಿಸುತ್ತದೆ: "ಏನ್ ಸಾರ್, ಮೊದಲ್ನೇ ಸಲಾನಾ? ಸ್ಕೀ ಹೇಳ್ಕೊಡ್ಲಾ?"

ಆ ದಿನವೆಲ್ಲ ಎಡೆಲ್ಮಿರಾಗೆ ಕೆಲಸದಲ್ಲಿ ಮನಸ್ಸಿಲ್ಲ. ಕೊಟ್ಟ ಹೆಲ್ಮೆಟ್ಟಿನ ಮೇಲೂ ಅನುಮಾನ ಶುರುವಾಗಿದೆ. ಎರಡು ಸಲ ಅದುಮಿದೆನೋ, ಒಂದೇ ಸಲವೋ? ಊಟದ ಡಬ್ಬಿಯಲ್ಲಿ ಕಡುಬಿನಂಥ ಎಂಪನಾಡ ಹಾಗೇ ತಣ್ಣಗಾಗುತ್ತದೆ.

ಐದು ಗಂಟೆಗೆ ರೋಖೆ ಕಿಟಕಿಯ ಮುಂದೆ ನಿಂತಿದ್ದಾನೆ. ಜಾಕೆಟ್ಟಿನ ಒಂದು ತೋಳು ಹರಿದಿದೆ.

"ಬಿದ್ಯಾ?"

ಅವನು ಬಿಳಿ ಹೆಲ್ಮೆಟ್ಟನ್ನು ಕಿಟಕಿಯ ಕಟ್ಟೆಯ ಮೇಲಿಡುತ್ತಾನೆ. "ಬಿದ್ದೆ ಅಕ್ಕಾ. ಹಿಮದ ಅಡಿ ಬಂಡೆ ಇತ್ತು. ತಲೇನೇ ಮೊದ್ಲು ಹೊಡೀತು."

ಎಡೆಲ್ಮಿರಾ ಕಿಟಕಿಯಿಂದ ಕೈ ಚಾಚಿ ಅವನ ಹಿಂದಲೆ ಸವರುತ್ತಾರೆ, ಡಾಕ್ಟರ ಕೋಣೆಗೆ ಅಟ್ಟುತ್ತಾರೆ. ಅವನು ಹೋಗುವ ಮೊದಲು ಅವನ ಮೂಗಿನ ಕೆಳಗೆ ಮಾಟೆ ಲೋಟ ಹಿಡಿದು, "ವಾಸನೆ ಬರ್ತಿದ್ಯಾ?" ಎಂದು ಕೇಳುತ್ತಾರೆ. "ಬರ್ತಿದೆ, ಸೀದ್ಹೋಗಿದೆ," ಎನ್ನುತ್ತಾನೆ ರೋಖೆ. ಅಕ್ಕನ ಕಣ್ಣು ತುಂಬಿಕೊಳ್ಳುತ್ತವೆ.

ಅವನು ಹೋದ ಮೇಲೆ ಬಿಳಿ ಹೆಲ್ಮೆಟ್ಟನ್ನು ಕಿವಿಯ ಹತ್ತಿರ ಹಿಡಿದು ಅದುಮುತ್ತಾರೆ. ಕಿರ್ ಎನ್ನುತ್ತದೆ. ಪಟ್ಟಿ ಕತ್ತರಿಸಿ ಬುಟ್ಟಿಗೆ ಹಾಕುತ್ತಾರೆ. ಏಪ್ರನ್ನಿನ ಜೇಬಿನಲ್ಲಿ ಬೆಳಿಗ್ಗೆ ಎಬ್ಬಿಸಿಟ್ಟ ಸ್ಟಿಕ್ಕರ್ ಇನ್ನೂ ಇದೆ.

"ಇಪ್ಪತ್ತಾರು ವರ್ಷದಲ್ಲಿ ಬಿದ್ದೆ ಅಂತ ಒಪ್ಕೊಂಡೋನು ಇವನೊಬ್ನೇ," ಎನ್ನುತ್ತಾರೆ. "ಸೆಪ್ಟೆಂಬರ್ ಕೊನೇ ದಿನ ಅವನ ಹೊಸ ಹೆಲ್ಮೆಟ್ಟಿಗೆ ಇದನ್ನ ನಾನೇ ಅಂಟಿಸ್ಬೇಕು. ಅಂಟಿಸೋ ಮುಂಚೆ ಅಡಿಯಲ್ಲಿ ಏನಿದೆ ಅಂತ ನೋಡ್ತೀನಿ, ಅದು ಬೇರೆ ಮಾತು."